ಒಡವೆ ಪೆಟ್ಟಿಗೆ: ಕೆತ್ತನೆಗಿಂತ ಮೊದಲು ಒಳಪದರ

ಕೆಲವು ವರ್ಷಗಳ ಹಿಂದೆ ಒಂದು ಜೊತೆ ಹೊಸ ಬೆಳ್ಳಿ ಕಾಲ್ಗೆಜ್ಜೆಯನ್ನು ನಾನು ಚೆಂದದ ಪೆಟ್ಟಿಗೆಯೊಂದರಲ್ಲಿಟ್ಟು ಬೀರುವಿಗೆ ಸೇರಿಸಿದ್ದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ನವಿಲಿನ ಕೆತ್ತನೆ, ಒಳಗೆ ಕಡುಗೆಂಪು ಮಖಮಲ್ಲು, ಅದರ ಕೆಳಗೆ ಮೆತ್ತನೆಯ ಸ್ಪಂಜು. ಆರು ತಿಂಗಳ ನಂತರ ತೆರೆದಾಗ ಗೆಜ್ಜೆಯ ಮೇಲ್ಭಾಗ ಒಂದಿಷ್ಟು ಮಂಕಾಗಿದ್ದರೂ ಹೊಳಪು ಉಳಿಸಿಕೊಂಡಿತ್ತು. ಮಖಮಲ್ಲಿಗೆ ತಾಗಿಕೊಂಡಿದ್ದ ಕೆಳಭಾಗ ಮಾತ್ರ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಅದೇ ಬೀರುವಿನ ಅದೇ ಅರೆಯಲ್ಲಿ ಅತ್ತೆಯವರ ಕಾಲದ ಗೆಜ್ಜೆಯೂ ಇತ್ತು. ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದರು, ಅದಕ್ಕೆ ಏನೂ ಆಗಿರಲಿಲ್ಲ. ಅಂದಿನಿಂದ ಒಡವೆ ಪೆಟ್ಟಿಗೆ ಕೊಳ್ಳುವಾಗ ನಾನು ಮೊದಲು ಮುಚ್ಚಳ ತೆರೆದು ಮೂಸಿ ನೋಡುತ್ತೇನೆ, ಕೆತ್ತನೆಯ ಕಡೆಗೆ ಕಣ್ಣು ಹಾಯಿಸುವುದು ಆಮೇಲೆ.

ಅಲಂಕಾರದ ಪೆಟ್ಟಿಗೆಯನ್ನು ಹೇಗೆ ಆರಿಸಬೇಕು, ಅದರ ಒಳಪದರವನ್ನು ಮನೆಯಲ್ಲೇ ಹೇಗೆ ಹೊಸದಾಗಿ ಮಾಡಿಕೊಳ್ಳಬೇಕು, ಒಡವೆಗಳನ್ನು ಅದರಲ್ಲಿ ಹೇಗೆ ಜೋಡಿಸಬೇಕು ಮತ್ತು ಉಡುಗೊರೆಯಾಗಿ ಕೊಡುವಾಗ ಹೇಗೆ ಒಪ್ಪವಾಗಿ ಕಾಣಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಪೆಟ್ಟಿಗೆಯನ್ನು ಹೊರಗಿನ ಅಂದಕ್ಕಾಗಿ ಕೊಳ್ಳಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಳಗನ್ನು ಮಾರಾಟಗಾರರ ಪಾಲಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಡವೆಗೆ ಪೆಟ್ಟಿಗೆಯಿಂದಲೇ ಆಗುವ ಕೇಡು

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿರುವ ಅತ್ಯಲ್ಪ ಪ್ರಮಾಣದ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ತೆಳುಪದರವನ್ನು ಕಟ್ಟುತ್ತದೆ. ಅದು ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಕಪ್ಪಾಗಿ ಕಾಣುತ್ತದೆ. ತೆರೆದ ಗಾಳಿಯಲ್ಲಿ ಇದು ನಿಧಾನವಾಗಿ ನಡೆಯುವ ಕೆಲಸ. ಆದರೆ ಗಂಧಕವನ್ನು ಹೊರಸೂಸುವ ವಸ್ತುವನ್ನೇ ಬೆಳ್ಳಿಯ ಜೊತೆ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟರೆ ವರ್ಷಗಳ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಉಣ್ಣೆ, ಉಣ್ಣೆಯಿಂದ ಮಾಡಿದ ಫೆಲ್ಟ್, ರಬ್ಬರು ಮತ್ತು ರಬ್ಬರ್ ಮೂಲದ ಅಂಟು ಈ ಗುಂಪಿಗೆ ಸೇರುತ್ತವೆ. ಸರಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಇದೆ. ಬ್ಯಾಂಡ್ ತಾಗಿದ ಕಡೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಮೂಡುವುದು ಇದೇ ಕಾರಣದಿಂದ. ಸರ ಕಟ್ಟಲು ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಹತ್ತಿಯ ದಾರ ಸಾಕು.

ಮುತ್ತು ಮತ್ತು ಹವಳದ ಕಷ್ಟ ಬೇರೆ. ಅವು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಹೆಚ್ಚುಕಡಿಮೆ ಸುಣ್ಣಕಲ್ಲಿನ ಜಾತಿಯವು. ಆದ್ದರಿಂದ ಹುಳಿಯ ಆವಿ ಅವುಗಳಿಗೆ ಆಗಿಬರುವುದಿಲ್ಲ. ಹಸಿ ಮರ, ಮರದ ಪುಡಿಯನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮತ್ತು ಪೂರ್ತಿ ಒಣಗದ ಬಿಳಿ ಅಂಟು ಇಂಥ ಆವಿಯನ್ನು ಬಿಡುತ್ತವೆ. ಪಿವಿಸಿ ಪ್ಲಾಸ್ಟಿಕ್ಕು ಹಳತಾದಂತೆ ಜಿಗುಟಾಗಿ ಇನ್ನೂ ಕಟುವಾದ ಆಮ್ಲವನ್ನು ಬಿಡುತ್ತದೆ. ಚಿನ್ನಕ್ಕೆ ಇವುಗಳ ಭಯ ಕಡಿಮೆ. ನಾವು ಬಳಸುವ 22 ಕ್ಯಾರೆಟ್ ಒಡವೆಯಲ್ಲಿ ನೂರಕ್ಕೆ 91.6 ಪಾಲು ಚಿನ್ನವಿದ್ದು, ಉಳಿದದ್ದು ತಾಮ್ರ ಮತ್ತು ಬೆಳ್ಳಿಯಾದ್ದರಿಂದ ಕೊಂಚ ಮಂಕಾಗಬಹುದು, ಅಷ್ಟೆ. ಚಿನ್ನದ ನಿಜವಾದ ಶತ್ರು ಪಕ್ಕದಲ್ಲಿರುವ ಒಡವೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಶುದ್ಧ ಚಿನ್ನ 3ರ ಒಳಗೇ ನಿಲ್ಲುತ್ತದೆ, ಮಾಣಿಕ್ಯ ಮತ್ತು ನೀಲ 9, ವಜ್ರ 10. ವಜ್ರದ ಓಲೆಯೂ ಚಿನ್ನದ ಬಳೆಯೂ ಒಂದೇ ಗೂಡಿನಲ್ಲಿ ಉರುಳಾಡಿದರೆ ಗೀರು ಬೀಳುವುದು ಯಾವುದಕ್ಕೆ ಎಂದು ಹೇಳಬೇಕಾಗಿಲ್ಲ.

ಯಾವ ಪೆಟ್ಟಿಗೆ, ಯಾವ ಒಡವೆಗೆ

ನಮ್ಮ ಕಡೆ ಸುಲಭವಾಗಿ ಸಿಗುವ, ಕುಶಲಕರ್ಮಿಗಳು ಕೈಯಾರೆ ಮಾಡಿದ ಪೆಟ್ಟಿಗೆಗಳನ್ನೇ ಇಲ್ಲಿ ಮುಂದಿಟ್ಟುಕೊಂಡಿದ್ದೇನೆ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದ ಗೊಂಬೆಗಳ ಜೊತೆಯಲ್ಲೇ ಅರಗಿನ ಬಣ್ಣದ ಡಬ್ಬಿಗಳು ಸಿಗುತ್ತವೆ. ಬಿಳಿಚಾದ, ಹಗುರವಾದ ಆಲೆ ಮರದ ತುಂಡನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಬಳಿಕ ತಾಳೆಗರಿಯಿಂದ ಒತ್ತಿ ಉಜ್ಜಿ ಹೊಳಪು ತರುತ್ತಾರೆ. ಈ ಡಬ್ಬಿಗಳು ಗುಂಡಗಿರುವುದರಿಂದ ಓಲೆ, ಜುಮಕಿ, ಮೂಗುಬೊಟ್ಟು, ಉಂಗುರಗಳಿಗೆ ಹೇಳಿ ಮಾಡಿಸಿದಂತಿವೆ. ಕೊಳ್ಳುವಾಗ ಮುಚ್ಚಳವನ್ನು ತಿರುಗಿಸಿ ನೋಡಿ. ಬೇಸಿಗೆಯಲ್ಲೇ ಬಿಗಿಯಾಗಿದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ತೆರೆಯುವುದೇ ಕಷ್ಟವಾಗುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಹಾಗಾಗಿ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಅಥವಾ ಸೆಂಟಿನ ಹನಿ ಬಿದ್ದರೆ ಆ ಜಾಗ ಮಸುಕಾಗಿ ಬೆರಳಚ್ಚು ಉಳಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಇದನ್ನು ಬಿಡಬಾರದು.

ಮೈಸೂರಿನ ಕೆತ್ತುಹುದುಗಿನ ಪೆಟ್ಟಿಗೆಗಳಲ್ಲಿ ಬೀಟೆ ಮರದ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತಕ್ಕಂತೆ ಗುಳಿ ತೋಡಿ, ಹಲಸು ಮೊದಲಾದ ಬೇರೆ ಬಣ್ಣದ ಮರಗಳ ತೆಳು ಚೂರುಗಳನ್ನು ಕೂರಿಸಿರುತ್ತಾರೆ. ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ಇದೇ ಕಲೆಯನ್ನು ದಂತದ ಹುದುಗಿನೊಂದಿಗೆ ಕಾಣಬಹುದು. ಅಗ್ಗದ ಪೆಟ್ಟಿಗೆಗಳಲ್ಲಿ ಚಿತ್ರವನ್ನು ಮುದ್ರಿಸಿ ಮೇಲೆ ವಾರ್ನಿಷ್ ಹೊಡೆದಿರುವುದೂ ಉಂಟು. ಪರೀಕ್ಷೆ ಸುಲಭ: ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಿಜವಾದ ಹುದುಗಿನಲ್ಲಿ ಪ್ರತಿ ಚೂರಿನ ಮರದ ಎಳೆಯೂ ತನ್ನದೇ ದಿಕ್ಕಿನಲ್ಲಿ ಹರಿಯುತ್ತದೆ; ಆನೆಯ ಬೆನ್ನಿನ ಎಳೆ ಒಂದು ಕಡೆಗಿದ್ದರೆ ಅಂಬಾರಿಯ ಎಳೆ ಇನ್ನೊಂದು ಕಡೆಗಿರುತ್ತದೆ. ಮುದ್ರಿಸಿದ್ದರಲ್ಲಿ ಎಲ್ಲ ಎಳೆಯೂ ಚಿತ್ರದ ಕೆಳಗೆ ಒಂದೇ ಸಮನೆ ಹಾದುಹೋಗುತ್ತದೆ. ಬೀಟೆ ಮರ 2017ರಿಂದ, ಅಪಾಯದಲ್ಲಿರುವ ಗಿಡಮರ-ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ; ಪರದೇಶಕ್ಕೆ ಒಯ್ಯುವವರು ಬಿಲ್ಲಿನಲ್ಲಿ ಮರದ ಹೆಸರನ್ನೂ ತೂಕವನ್ನೂ ಬರೆಸಿಕೊಂಡು, ಹೋಗುವ ದೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಮನೆಯಲ್ಲಿ ಅಜ್ಜಿಯ ಕಾಲದ ದಂತದ ಹುದುಗಿನ ಪೆಟ್ಟಿಗೆ ಇದ್ದರೆ ಅದನ್ನು ಮಾರುವ ಯೋಚನೆ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ.

ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರು ಕೆತ್ತುವ ಶ್ರೀಗಂಧದ ಪೆಟ್ಟಿಗೆಗಳು ದುಬಾರಿ, ಚಿಕ್ಕವು ಮತ್ತು ನಿಜಕ್ಕೂ ಚೆಲುವಾದವು. ಹಗುರ ಮರಕ್ಕೆ ಗಂಧದೆಣ್ಣೆ ಸವರಿ ಮಾರುವವರೂ ಇರುವುದರಿಂದ ಇದನ್ನು ಸರ್ಕಾರದ ಕಾವೇರಿ ಮಳಿಗೆಯಲ್ಲೋ ಪರಿಚಯದ ಕುಶಲಕರ್ಮಿಯಲ್ಲೋ ಕೊಳ್ಳಿ. ಗಂಧದ ಮರದಲ್ಲಿ ಎಣ್ಣೆಯ ಅಂಶವಿರುವುದರಿಂದ ಮುತ್ತಿನ ಸರವನ್ನು ನೇರವಾಗಿ ಮರಕ್ಕೆ ತಾಗಿಸಿ ಇಡಬೇಡಿ, ಪೋಣಿಸಿದ ದಾರ ಎಣ್ಣೆ ಹೀರಿಕೊಳ್ಳುತ್ತದೆ. ಇನ್ನು ಬೀದರಿನ ಬಿದ್ರಿ ಪೆಟ್ಟಿಗೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನೂ ತಗಡನ್ನೂ ಹುದುಗಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ದ್ರಾವಣದಿಂದ ಅದನ್ನು ಕಪ್ಪಾಗಿಸುತ್ತಾರೆ. ಆ ಮಣ್ಣು ಸತುವಿನ ಮಿಶ್ರಣವನ್ನು ಮಾತ್ರ ಕಪ್ಪು ಮಾಡಿ ಬೆಳ್ಳಿಯನ್ನು ಹಾಗೇ ಬಿಡುವುದೇ ಈ ಕಲೆಯ ಸೊಗಸು. ಹುಣಸೆಹಣ್ಣು, ನಿಂಬೆರಸ, ಪಾತ್ರೆ ತಿಕ್ಕುವ ಪುಡಿ ಸೋಕಿದರೆ ಆ ಕಪ್ಪೇ ಎದ್ದು ಬರುತ್ತದೆ. ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿದ ಮೆತ್ತನೆಯ ಬಟ್ಟೆಯಿಂದ ಹೊರಗಡೆ ಮಾತ್ರ ಒರೆಸಿದರೆ ಸಾಕು.

ಕೊಡಗು ಮತ್ತು ಕರಾವಳಿಯವರಿಗೆ ಕೇರಳದ ನೆಟ್ಟೂರು ಪೆಟ್ಟಿಯ ಪರಿಚಯವಿರಬಹುದು. ತಲಶ್ಶೇರಿ ಬಳಿಯ ನೆಟ್ಟೂರಿನ ಹೆಸರು ಹೊತ್ತ, ಮನೆಯ ಮಾಡಿನಂತೆ ಮೇಲೆದ್ದ ಮುಚ್ಚಳದ, ಹಿತ್ತಾಳೆ ಪಟ್ಟಿಗಳಿಂದ ಬಿಗಿದ ಮರದ ಪೆಟ್ಟಿಗೆ ಅದು. ಮುಚ್ಚಳ ಎತ್ತರವಾಗಿರುವುದರಿಂದ ಡಾಬು, ವಂಕಿಯಂಥ ದೊಡ್ಡ ಒಡವೆಗಳಿಗೂ ಒಳಗೆ ಜಾಗ ಸಿಗುತ್ತದೆ.

ಯಾವ ಪೆಟ್ಟಿಗೆಯಾದರೂ ಕೊಳ್ಳುವ ಮುನ್ನ ಇಷ್ಟನ್ನು ನೋಡಿ. ಮುಚ್ಚಳ ತೆರೆದು ಮೂಗಿಗೆ ಹಿಡಿದಾಗ ಹುಳಿಯ ಇಲ್ಲವೇ ಪೇಂಟಿನ ಘಾಟು ಹೊಡೆದರೆ ಅದು ಇನ್ನೂ ಒಣಗಿಲ್ಲ. ತಳದಲ್ಲಿ ಸೂಜಿಮೊನೆಯಷ್ಟು ತೂತುಗಳೂ ಹಿಟ್ಟಿನಂಥ ಪುಡಿಯೂ ಕಂಡರೆ ಕುಟ್ಟೆ ಹಿಡಿದಿದೆ. ಅಂಥದ್ದನ್ನು ಬಿಟ್ಟಿಯಾಗಿ ಕೊಟ್ಟರೂ ಮನೆಗೆ ತರಬೇಡಿ. ಹಿತ್ತಾಳೆಯ ಕೀಲುಗಳು ಮೊಳೆಯ ಬದಲು ಸ್ಕ್ರೂಗಳಿಂದ ಕೂತಿರಲಿ. ಮುಚ್ಚಳದಲ್ಲಿ ಅಯಸ್ಕಾಂತವಿದ್ದರೆ ಕೀಲಿ ಕೊಡುವ ಗಡಿಯಾರವನ್ನು ಅದರಲ್ಲಿ ಇಡಬಾರದು.

ಬಟ್ಟೆಯನ್ನು ಪರೀಕ್ಷಿಸುವ ಬಗೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಆಂಡ್ರ್ಯೂ ಆಡಿ ಎಂಬ ವಿಜ್ಞಾನಿ 1973ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಪ್ರದರ್ಶನದ ಕಪಾಟಿನಲ್ಲಿ ಬಳಸಬೇಕೆಂದಿರುವ ಬಟ್ಟೆ, ಅಂಟು ಅಥವಾ ಮರದ ಚೂರನ್ನು ಬೆಳ್ಳಿ, ತಾಮ್ರ ಮತ್ತು ಸೀಸದ ತುಣುಕುಗಳ ಜೊತೆ ಗಾಜಿನ ಕೊಳವೆಯಲ್ಲಿ ಸ್ವಲ್ಪ ತೇವದೊಂದಿಗೆ ಮುಚ್ಚಿ, 60 ಡಿಗ್ರಿ ಶಾಖದಲ್ಲಿ 28 ದಿನ ಇಡುತ್ತಾರೆ. ಲೋಹ ಕೆಟ್ಟರೆ ಆ ವಸ್ತು ಕಪಾಟಿಗೆ ಬೇಡ. ಮ್ಯೂಸಿಯಂಗಳು ಇಂದಿಗೂ ಇದನ್ನೇ ಬಳಸುತ್ತವೆ.

ಇದರ ಮನೆಮಟ್ಟದ ರೂಪ ಹೀಗೆ. ಮುಚ್ಚಳ ಬಿಗಿಯಾಗಿ ಕೂರುವ ಎರಡು ಒಂದೇ ಬಗೆಯ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ. ಅಕ್ಕಸಾಲಿಗರ ಹತ್ತಿರ ಬೆಳ್ಳಿಯ ತಂತಿಯ ಎರಡು ತುಣುಕು ತಂದು ಹೊಳೆಯುವಂತೆ ಉಜ್ಜಿ, ಒಂದೊಂದನ್ನು ಒಂದೊಂದು ಬಾಟಲಿಗೆ ಹಾಕಿ. ಎರಡರಲ್ಲೂ ಬೆಳ್ಳಿಗೆ ತಾಗದಂತೆ ಒದ್ದೆ ಹತ್ತಿಯ ಚಿಕ್ಕ ಉಂಡೆಯಿಡಿ. ಒಂದರಲ್ಲಿ ಮಾತ್ರ ನೀವು ಬಳಸಬೇಕೆಂದಿರುವ ಬಟ್ಟೆಯ ಎರಡು ಇಂಚು ತುಂಡು ಸೇರಿಸಿ, ಮುಚ್ಚಿ, ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗದಲ್ಲಿ ನಾಲ್ಕು ವಾರ ಬಿಡಿ. ಬಟ್ಟೆಯಿರುವ ಬಾಟಲಿಯ ಬೆಳ್ಳಿ ಮಾತ್ರ ಕಂದಿದರೆ ಆ ಬಟ್ಟೆ ಪೆಟ್ಟಿಗೆಗೆ ಸಲ್ಲದು. ಎರಡೂ ಕಂದಿದರೆ ತಪ್ಪು ಮುಚ್ಚಳದ್ದು, ಬೇರೆ ಬಾಟಲಿಯಲ್ಲಿ ಮತ್ತೆ ಮಾಡಿ. ನನ್ನ ಕಡುಗೆಂಪು ಮಖಮಲ್ಲು ಮೂರನೆಯ ವಾರಕ್ಕೇ ಸಿಕ್ಕಿಬಿತ್ತು.

ಅಂಟಿಲ್ಲದ ಒಳಪದರ

ಮಾರುಕಟ್ಟೆಯ ಪೆಟ್ಟಿಗೆಗಳಲ್ಲಿ ಬಟ್ಟೆಯನ್ನು ಮರಕ್ಕೆ ಅಂಟಿಸಿರುತ್ತಾರೆ. ಅದನ್ನು ತೊಳೆಯಲಾಗದು, ಬದಲಿಸಲಾಗದು, ಅಂಟಿನ ಗುಣ ಏನೆಂದು ತಿಳಿಯುವುದೂ ಇಲ್ಲ. ಹೊಲಿಗೆ ಬರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ, ಬೇಕೆಂದಾಗ ಹೊರತೆಗೆದು ತೊಳೆಯಬಹುದಾದ ಒಳಪದರದ ವಿಧಾನವನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ.

ಮೊದಲು ಹಳೆಯ ಬಟ್ಟೆಯನ್ನು ಮೂಲೆಯಿಂದ ಹಿಡಿದು ನಿಧಾನವಾಗಿ ಎಳೆದು ತೆಗೆಯಿರಿ. ಅಂಟು ಬಿಡದಿದ್ದರೆ ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿ ಪುಟ್ಟಿ ಬಳಿಯುವ ತಗಡಿನಿಂದ ಕೆರೆಯಿರಿ. ಆದರೆ ಅರಗಿನ ಡಬ್ಬಿಯ ಹತ್ತಿರ ಡ್ರೈಯರ್ ತರಬಾರದು. ಉಳಿದ ಕಲೆಯನ್ನು 220 ನಂಬರಿನ ಮರಳು ಕಾಗದದಿಂದ ಉಜ್ಜಿ, ಧೂಳನ್ನು ಒರೆಸಿ, ಮುಚ್ಚಳ ತೆರೆದಿಟ್ಟು ಹದಿನೈದು ದಿನ ನೆರಳಿನಲ್ಲಿ ಗಾಳಿಯಾಡಲು ಬಿಡಿ. ಹೊಸ ಪೆಟ್ಟಿಗೆಗೂ ಇದೇ ಹದಿನೈದು ದಿನ ಬೇಕು. ಮುತ್ತು, ಹವಳ ಇಡುವ ಉದ್ದೇಶವಿದ್ದರೆ ಮರದ ಒಳಮೈಗೆ ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆಯನ್ನು ಹರಿಯದಂತೆ ಮಟ್ಟಸವಾಗಿ ಹಾಸಿ, ಮರದ ಆವಿಗೆ ಅದು ಒಳ್ಳೆಯ ಅಡ್ಡಗೋಡೆ.

ಬಟ್ಟೆಗೆ ನನ್ನ ಮೊದಲ ಆಯ್ಕೆ ಹಲವು ಬಾರಿ ಒಗೆದ ಹತ್ತಿಯ ಬಟ್ಟೆ. ಮಗ್ಗದಿಂದ ಈಗಷ್ಟೇ ಬಂದದ್ದಾದರೆ ಬಿಸಿನೀರಿನಲ್ಲಿ ಎರಡು ಸಲ ಒಗೆದು ಗಂಜಿಯನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಗಂಜಿ ಉಳಿದ ಬಟ್ಟೆಗೆ ಜಿರಲೆ ಬರುತ್ತದೆ. ಬಣ್ಣ ಬಿಡುವ ಬಟ್ಟೆಯೂ ಬೇಡ: ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿದರೆ ತಿಳಿಯುತ್ತದೆ. ಹಳೆಯ ಮೈಸೂರು ರೇಷ್ಮೆ ಸೀರೆಯನ್ನು ಬಳಸುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಸೀರೆಯ ಒಡಲನ್ನು ಬಳಸಿ, ಜರಿಯ ಅಂಚನ್ನು ಒಳಗೆ ತರಬೇಡಿ. ಜರಿಯಲ್ಲಿರುವುದು ಲೋಹದ ಎಳೆ. ಅದು ತಾನೂ ಕಪ್ಪಾಗುತ್ತದೆ, ಮುತ್ತನ್ನೂ ಗೀರುತ್ತದೆ. ಅಂಚಿನ ಮೇಲೆ ಮನಸ್ಸಿದ್ದರೆ ಮುಚ್ಚಳದ ಒಳಮೈಗೆ, ಒಡವೆಗೆ ತಾಗದ ಎತ್ತರದಲ್ಲಿ ಹಾಕಿಕೊಳ್ಳಬಹುದು.

ಒಳಅಳತೆ ಉದ್ದ 9 ಇಂಚು, ಅಗಲ 6 ಇಂಚು, ಆಳ 3 ಇಂಚು ಇರುವ ಪೆಟ್ಟಿಗೆಯೆಂದು ಇಟ್ಟುಕೊಳ್ಳೋಣ. ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಸಿಗುವ ಆಮ್ಲರಹಿತ ಮೌಂಟ್ ಬೋರ್ಡಿನಲ್ಲಿ ನಾಲ್ಕು ಗೋಡೆಗಳನ್ನು ಕತ್ತರಿಸಿ. ಉದ್ದದ ಗೋಡೆ ಎರಡು, ಪ್ರತಿಯೊಂದೂ 8¾ ಇಂಚು ಉದ್ದ, 2¾ ಇಂಚು ಎತ್ತರ. ಬೋರ್ಡಿನ ಮೇಲೆ ಹತ್ತಿಯ ಫ್ಲಾನೆಲ್ ಒಂದು ಪದರ ಹಾಸಿ, ಅದರ ಮೇಲೆ ಸುತ್ತಲೂ ಒಂದಿಂಚು ಹೆಚ್ಚು ಬಿಟ್ಟು ಕತ್ತರಿಸಿದ ಬಟ್ಟೆಯಿಟ್ಟು, ಎಲ್ಲವನ್ನೂ ಒಟ್ಟಿಗೆ ಮಗುಚಿ ಹಾಕಿ. ಮೂಲೆಗಳನ್ನು ಪುಸ್ತಕಕ್ಕೆ ಬೈಂಡು ಹಾಕುವಾಗ ಮಡಿಸಿದಂತೆ ಓರೆಯಾಗಿ ಮಡಿಸಿ, ಹಿಂಬದಿಯಲ್ಲಿ ಒಂದು ಅಂಚಿನಿಂದ ಎದುರು ಅಂಚಿಗೆ ಉದ್ದುದ್ದ ಟಾಕಿ ಹಾಕುತ್ತ ದಾರವನ್ನು ಎಳೆದು ಕಟ್ಟಿ. ದಾರ ಎಳೆದಾಗ ಮುಂಬದಿಯ ಬಟ್ಟೆ ಡೋಲಿನ ತೊಗಲಿನಂತೆ ಬಿಗಿಯಾಗಬೇಕು, ಬೋರ್ಡು ಮಾತ್ರ ಬಾಗಬಾರದು. ಆ ಹದ ಎರಡನೆಯ ಗೋಡೆಯ ಹೊತ್ತಿಗೆ ಕೈಗೆ ಬರುತ್ತದೆ. ಉದ್ದದ ಗೋಡೆಗಳನ್ನು ಮೊದಲು ನಿಲ್ಲಿಸಿ, ಅವುಗಳ ನಡುವೆ ಉಳಿದ ಅಗಲವನ್ನು ಅಳೆದು, ಅದಕ್ಕೆ ಸರಿಯಾಗಿ ಗಿಡ್ಡ ಗೋಡೆಗಳನ್ನು ಮಾಡಿ ಬಿಗಿಯಾಗಿ ಕೂರಿಸಿದರೆ ನಾಲ್ಕೂ ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ.

ತಳದ ಹಲಗೆಯನ್ನು ಗೋಡೆಗಳು ಕೂತ ಮೇಲೆಯೇ ಅಳೆಯಬೇಕು. ಮೊದಲ ಸಲ ನಾನು ಖಾಲಿ ಪೆಟ್ಟಿಗೆಯ ಅಳತೆ ಹಿಡಿದು ತಳವನ್ನು ಮೊದಲೇ ಕತ್ತರಿಸಿ, ಹೊಲಿದು, ಕೊನೆಯಲ್ಲಿ ಕೂರಿಸಲು ಹೋದರೆ ಕಾಲು ಇಂಚು ಹೆಚ್ಚಾಗಿ ಇಡೀ ಕೆಲಸ ಬಿಚ್ಚಬೇಕಾಯಿತು. ಗೋಡೆಗಳ ದಪ್ಪವನ್ನು ಕಳೆದು ಉಳಿದ ಅಳತೆಯಲ್ಲಿ, ಬಟ್ಟೆಯ ದಪ್ಪಕ್ಕಾಗಿ ಇನ್ನೊಂದು ಎಳೆ ಕಡಿಮೆ ಮಾಡಿ ಕತ್ತರಿಸಿ, ಫ್ಲಾನೆಲ್ ಎರಡು ಪದರ ಹಾಕಿ ಅದೇ ರೀತಿ ಹೊಲಿಯಿರಿ. ಹಿಂಬದಿಯ ಒಂದು ಅಂಚಿಗೆ ಅರ್ಧ ಇಂಚಿನ ನಾಡಾ ತುಂಡನ್ನು ಹೊಲಿದು ಮೇಲಕ್ಕೆ ಬಿಟ್ಟರೆ, ಮುಂದೆ ತಳವನ್ನು ಎತ್ತಲು ಹಿಡಿ ಆಗುತ್ತದೆ. ತಳ ಕೆಳಗೆ ಕೂತಾಗ ಗೋಡೆಗಳ ಬುಡವನ್ನು ಒತ್ತಿ ಹಿಡಿಯುವುದರಿಂದ ಎಲ್ಲಿಯೂ ಒಂದು ಹನಿ ಅಂಟು ಬೇಕಾಗುವುದಿಲ್ಲ.

ಒಳಗಿನ ಜೋಡಣೆ

ಉಂಗುರಗಳಿಗೆ ಸುರುಳಿಗಳು ಬೇಕು. ಹಳೆಯ ಹತ್ತಿ ಹಾಸುಬಟ್ಟೆಯ ಪಟ್ಟಿಯನ್ನು ಮುಕ್ಕಾಲು ಇಂಚು ದಪ್ಪ ಬರುವತನಕ ಬಿಗಿಯಾಗಿ ಸುತ್ತಿ, ಮೇಲೆ ಒಳಪದರದ ಬಟ್ಟೆಯನ್ನೇ ಹೊಲಿದು, ಗೂಡಿನ ಉದ್ದಕ್ಕಿಂತ ಕಾಲು ಇಂಚು ಹೆಚ್ಚು ಬಿಟ್ಟು ಒತ್ತಿ ಕೂರಿಸಿ. ಬಿಡಿ ಹತ್ತಿಯನ್ನು ತುಂಬಿದರೆ ಕೆಲವೇ ದಿನಗಳಲ್ಲಿ ಕುಗ್ಗಿ ಉಂಗುರಗಳು ಜಾರುತ್ತವೆ.

ಬಳೆಗಳ ಅಳತೆ ಗೊತ್ತಿದ್ದರೆ ಗೂಡಿನ ಅಳತೆ ತಾನಾಗಿ ಸಿಗುತ್ತದೆ. 2-4 ಎಂದರೆ ಒಳವ್ಯಾಸ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ 2¼ ಇಂಚು. 2-6 ಎಂದರೆ 2⅜, 2-8 ಎಂದರೆ 2½. ಬಳೆಯ ದಪ್ಪವನ್ನು ಸೇರಿಸಿದರೂ ಸಾಮಾನ್ಯ ಬಳೆಗೆ 3 ಇಂಚು ಅಗಲದ ಗೂಡು ಸಾಕು. ನಡುವೆ ತೂರಿಸುವ ಸುರುಳಿಯ ದಪ್ಪ 2 ಇಂಚಿನೊಳಗಿರಲಿ. ಕೆತ್ತನೆಯ ಬಳೆಗಳ ನಡುವೆ ಮಲ್ ಬಟ್ಟೆಯ ಬಿಲ್ಲೆಗಳನ್ನು ಇಟ್ಟರೆ ಕೆತ್ತನೆಯ ಏಣುಗಳು ಸವೆಯುವುದಿಲ್ಲ.

ಕಾಸಿನ ಸರ, ಅವಲಕ್ಕಿ ಸರದಂಥ ಅಗಲದ ಸರಗಳನ್ನು ಚಪ್ಪಟೆಯಾಗಿ ಮಲಗಿಸಬೇಕು. ತೆಳು ಚೈನುಗಳ ಕೊಂಡಿಯನ್ನು ಹಾಕಿಯೇ ಇಡಿ, ಇಲ್ಲದಿದ್ದರೆ ಗಂಟು ಬಿಡಿಸುವುದರಲ್ಲೇ ಮದುವೆಗೆ ಹೊರಡುವ ಹೊತ್ತು ಕಳೆದಿರುತ್ತದೆ. ಕೊಡವರ ಜೋಮಾಲೆಯಂತೆ ಒಳಗೆ ಅರಗು ತುಂಬಿದ ಗುಂಡುಗಳ ಸರಗಳ ಮೇಲೆ ಭಾರ ಹೇರಬಾರದು, ನೆಗ್ಗಿದರೆ ಸರಿಪಡಿಸುವುದು ಕಷ್ಟ. ಬಿಸಿಯೂ ಅವುಗಳಿಗೆ ಆಗದು. ಕುಂದಣದ ಒಡವೆಯಲ್ಲಿ ಹರಳಿನ ಹಿಂದೆ ಹೊಳೆಯುವ ತಗಡು ಇರುತ್ತದೆ. ಅಲ್ಲಿಗೆ ತೇವ ಹೊಕ್ಕರೆ ಹರಳೇ ಸತ್ತಂತೆ ಕಾಣುತ್ತದೆಯಾದ್ದರಿಂದ ಅದನ್ನು ತೊಳೆಯದೆ, ಧರಿಸಿದ ಮೇಲೆ ಬೆವರು ಒರೆಸಿ, ಗಾಳಿಗೆ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಗೂಡಿನಲ್ಲಿಡಿ. ಒಂದು ಗ್ರಾಂ ಚಿನ್ನದ ಒಡವೆಗಳಿಗೆ ಒಟ್ಟಾರೆ ಬೇರೆಯೇ ಡಬ್ಬಿ ಇರಲಿ. ಆಭರಣದಂಗಡಿಯ ಗುಲಾಬಿ ಕಾಗದವನ್ನು ಪ್ರೀತಿಯಿಂದ ಉಳಿಸಿಕೊಳ್ಳುವವರಿದ್ದಾರೆ. ಒದ್ದೆಯಾದರೆ ಅದು ಬಣ್ಣ ಬಿಟ್ಟು ಮುತ್ತಿಗೂ ದಾರಕ್ಕೂ ಹತ್ತುತ್ತದೆ, ಮನೆಗೆ ಬಂದ ದಿನವೇ ಅದನ್ನು ತೆಗೆದುಬಿಡಿ. ಒಡವೆಗಳ ಪಟ್ಟಿ, ತೂಕ, ಫೋಟೋ ಮತ್ತು ಹಾಲ್‌ಮಾರ್ಕಿನ ಆರು ಅಕ್ಷರಾಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಬರೆದಿಡುವುದು ಒಳ್ಳೆಯದು, ಆದರೆ ಆ ಕಾಗದ ಇದೇ ಪೆಟ್ಟಿಗೆಯಲ್ಲಿರಬಾರದು.

ಕೊಡುವಾಗ, ತೋರಿಸುವಾಗ

ಉಡುಗೊರೆಯ ಪೆಟ್ಟಿಗೆ ಒಡವೆಗಿಂತ ಬಹಳ ದೊಡ್ಡದಾದರೆ ಒಡವೆ ಬಡವಾಗಿ ಕಾಣುತ್ತದೆ. ಸುತ್ತಲೂ ಒಂದು ಬೆರಳಗಲದಷ್ಟು ಜಾಗ ಉಳಿಯುವ ಅಳತೆ ಒಪ್ಪುತ್ತದೆ. ನಾಮಕರಣಕ್ಕೆ ಕೊಡುವ ಪುಟ್ಟ ಓಲೆಗೋ ಮೂಗುಬೊಟ್ಟಿಗೋ ಚನ್ನಪಟ್ಟಣದ ಕುಂಕುಮದ ಡಬ್ಬಿಗಿಂತ ಚೆಂದದ್ದು ನನಗೆ ಕಂಡಿಲ್ಲ. ತಳಕ್ಕೆ ಬಟ್ಟೆ ಹೊದಿಸಿದ ದುಂಡು ಬಿಲ್ಲೆಯಿಟ್ಟು, ಅದರಲ್ಲಿ ಎರಡು ತೂತು ಮಾಡಿ ಓಲೆಯ ಕಡ್ಡಿಯನ್ನು ತೂರಿಸಿ ಹಿಂದಿನಿಂದ ತಿರುಪು ಹಾಕಿದರೆ ಮುಚ್ಚಳ ತೆರೆದ ಕೂಡಲೇ ಎರಡೂ ನೆಟ್ಟಗೆ ಎದುರಿಗೆ ನೋಡುತ್ತವೆ.

ಬಟ್ಟೆಯ ಬಣ್ಣವನ್ನು ಒಡವೆಯೇ ನಿರ್ಧರಿಸಲಿ. ಹಳದಿ ಚಿನ್ನ ಕಡುಹಸಿರು, ಕಡುನೀಲಿಯ ಮೇಲೆ ಎದ್ದು ಕಾಣುತ್ತದೆ. ಕೆಂಪು ಹರಳಿನ ಅಡ್ಡಿಗೆ, ಜಡೆಬಿಲ್ಲೆಗಳನ್ನು ಕೆಂಪು ಮಖಮಲ್ಲಿನ ಮೇಲಿಟ್ಟರೆ ಹರಳೆಲ್ಲ ಮುಳುಗಿಹೋಗುತ್ತವೆ, ಅವಕ್ಕೆ ಕೆನೆಬಣ್ಣ ಬೇಕು. ಬೆಳ್ಳಿಗೂ ವಜ್ರಕ್ಕೂ ಬೂದು ಇಲ್ಲವೇ ಕಡುನೀಲಿ ಹೊಂದುತ್ತದೆ. ಮುತ್ತಿಗೆ ಅಪ್ಪಟ ಬಿಳಿಯ ಬಟ್ಟೆ ಹಾಕಿದರೆ ಮುತ್ತೇ ಹಳದಿಯಾದಂತೆ ತೋರುತ್ತದೆ. ಮದುವೆಯ ಮನೆಯಲ್ಲಿ ಒಡವೆಯ ತಟ್ಟೆಗಳ ನಡುವೆ ಪೆಟ್ಟಿಗೆಯನ್ನು ತೆರೆದಿಡುವುದಾದರೆ ತಳದ ಹಲಗೆಯ ಹಿಂಭಾಗಕ್ಕೆ ಬಟ್ಟೆಯ ಸುರುಳಿಯೊಂದನ್ನು ಕೊಟ್ಟು ಒಂದಿಂಚು ಎತ್ತರಿಸಿ. ಆ ಓರೆಯಿಂದ ಕೂತವರಿಗೂ ನಿಂತವರಿಗೂ ಸರ ಪೂರ್ತಿ ಕಾಣುತ್ತದೆ. ಅರಿಸಿನ, ಕುಂಕುಮ, ಅಕ್ಷತೆಯ ಬಟ್ಟಲುಗಳು ಪಕ್ಕದ ತಟ್ಟೆಯಲ್ಲೇ ಇರಲಿ. ಕುಂಕುಮ ಹತ್ತಿದ ಮುತ್ತನ್ನು ಮತ್ತೆ ಮೊದಲಿನಂತೆ ಮಾಡುವುದು ನನ್ನಿಂದ ಆಗಿಲ್ಲ.

ಮಳೆಗಾಲದಲ್ಲಿ

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳ್ಳಿಯ ಗೂಡಿನಲ್ಲಿ ಸಿಲಿಕಾ ಜೆಲ್ಲಿನ ಚಿಕ್ಕ ಚೀಲವಿಡುವುದು ಉಪಯುಕ್ತ. ನೀಲಿ ಬಣ್ಣದ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಗೆ ಬೇಡ, ಕಿತ್ತಳೆ ಬಣ್ಣದ್ದನ್ನು ಕೇಳಿ ತನ್ನಿ. ಮುತ್ತು ಮತ್ತು ಕ್ಷೀರಸ್ಫಟಿಕದ (ಓಪಲ್) ಗೂಡಿನಲ್ಲಿ ಇದನ್ನು ಇಡಲೇಬಾರದು. ಅವುಗಳಲ್ಲಿರುವ ಅಲ್ಪ ನೀರಿನ ಅಂಶವೂ ಹೋದರೆ ಬಿರುಕು ಬಿಡುತ್ತವೆ. ಸೀಮೆಸುಣ್ಣದ ಕಡ್ಡಿಯಿಂದ ಹೇಳಿಕೊಳ್ಳುವಂಥ ಪ್ರಯೋಜನ ನನಗೆ ಕಂಡಿಲ್ಲ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ, ಅದನ್ನು ಸೀರೆಯ ಬೀರುವಿನಲ್ಲೂ ಪೆಟ್ಟಿಗೆಯಿಂದ ದೂರವೇ ಇಡಿ.

ಮಳೆ ನಿಂತ ಮೇಲೆ, ನವರಾತ್ರಿಗೆ ಒಡವೆ ಹೊರಬರುವ ದಿನವೇ ಪೆಟ್ಟಿಗೆಯ ಒಳಪದರವನ್ನೂ ಹೊರತೆಗೆಯಿರಿ. ನಾಡಾ ಹಿಡಿದು ತಳವನ್ನು ಎತ್ತಿದರೆ ಗೋಡೆಗಳು ತಾವಾಗಿ ಸಡಿಲವಾಗುತ್ತವೆ. ಹಿಂಬದಿಯ ಟಾಕಿಗಳನ್ನು ಕತ್ತರಿಸಿ ಬಟ್ಟೆಯನ್ನು ಸೋಪಿಲ್ಲದ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಅದೇ ಬೋರ್ಡಿಗೆ ಹೊಲಿಯುವ ಮೊದಲು ಜಾಲಿಸಿದ ನೀರನ್ನು ಬಿಳಿ ಬಟ್ಟಲಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಳ ನೋಡಿ: ಬಿದ್ದುಹೋದ ಚಿಕ್ಕ ಹರಳು, ಓಲೆಯ ತಿರುಪು ಅಲ್ಲೇ ಸಿಗುವುದುಂಟು.